ಹೊನೊಲುಲುವಿನಿಂದ ಗುವಾಮ್‌ಗೆ: ಹೋಗುವಾಗ ಎಂಟು ಗಂಟೆ, ಬರುವಾಗ ಏಳು, ಯಾಕೆ?

ಪ್ರಶ್ನೆ: ಬರುವ ಚಳಿಗಾಲದಲ್ಲಿ ಹವಾಯಿಯ ಹೊನೊಲುಲುವಿನಿಂದ ಪಶ್ಚಿಮ ಪೆಸಿಫಿಕ್‌ನ ಗುವಾಮ್ ದ್ವೀಪಕ್ಕೆ ಹೋಗಿ ಬರಬೇಕಿದೆ. ದೂರ ಎಷ್ಟು ಅಂತ ಹುಡುಕಿದರೆ ಒಂದು ಕಡೆ 3,300, ಇನ್ನೊಂದು ಕಡೆ 3,800, ಮತ್ತೊಂದು ಕಡೆ 6,100 ಅಂತ ಸಿಗುತ್ತಿದೆ. ನೇರ ವಿಮಾನ ಹೋಗುವಾಗ ಹತ್ತಿರ ಹತ್ತಿರ ಎಂಟು ಗಂಟೆ ತೆಗೆದುಕೊಳ್ಳುತ್ತದೆ, ಬರುವಾಗ ಏಳು ಗಂಟೆ ಚಿಲ್ಲರೆ. ಆದರೆ ಆ ಸಮುದ್ರದ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ ಅಂತ ಓದಿದ್ದೇನೆ. ಹಾಗಿದ್ದರೆ ಹೋಗುವಾಗಲೇ ಬೇಗ ತಲುಪಬೇಕಲ್ವಾ? ಟಿಕೆಟ್ ಪ್ರಕಾರ ವಾಪಸ್ ಬರುವಾಗ ಮಂಗಳವಾರ ಹೊರಟು ಸೋಮವಾರ ತಲುಪುತ್ತೇನೆ, ಇದು ಸರೀನಾ? ಇದಲ್ಲದೆ ನಡುವಿನ ದ್ವೀಪಗಳಲ್ಲಿ ಇಳಿಯುತ್ತಾ ಹೋಗುವ ಇನ್ನೊಂದು ವಿಮಾನ ಇದೆ, ಅದಕ್ಕೆ ಹದಿನೈದು ಗಂಟೆ. ಆ ದಾರಿ ಅಷ್ಟೊಂದು ಸುತ್ತಾ?

ಉತ್ತರ: ಮೊದಲು ದೂರದ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಅದು ಸುಲಭ. ನಿಮಗೆ ಸಿಕ್ಕ ಮೂರೂ ಅಂಕಿ ಸರಿ, ಮೂರೂ ಒಂದೇ ದೂರ. 3,300 ಅನ್ನುವುದು ನಾಟಿಕಲ್ ಮೈಲಿ, 3,800 ಅನ್ನುವುದು ರಸ್ತೆಯ ಮೇಲೆ ಅಳೆಯುವ ಮೈಲಿ, 6,100 ಅನ್ನುವುದು ಕಿಲೋಮೀಟರ್. ವಿಮಾನ ಮತ್ತು ಹಡಗಿನವರು ನಾಟಿಕಲ್ ಮೈಲಿ ಬಿಡುವುದಿಲ್ಲ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್, ಮತ್ತು ಅಕ್ಷಾಂಶದ ಒಂದು ಡಿಗ್ರಿ ಅಂದರೆ ಹೆಚ್ಚುಕಡಿಮೆ 60 ನಾಟಿಕಲ್ ಮೈಲಿ. ಭೂಮಿಯ ಮೇಲಿನ ಎರಡು ಜಾಗಗಳ ನಡುವೆ ಎಷ್ಟು ಡಿಗ್ರಿ ಅಂತರ ಇದೆ ಅಂತ ಗೊತ್ತಾದರೆ 60ರಿಂದ ಗುಣಿಸಿದರೆ ಸಾಕು, ದೂರ ಬಂತು. ಅಷ್ಟು ಅನುಕೂಲ ಇರುವ ಅಳತೆಯನ್ನು ಯಾರು ಬಿಡುತ್ತಾರೆ ಹೇಳಿ. ಹಾಗಾಗಿ ಯಾವ ಜಾಲತಾಣದಲ್ಲಿ ದೂರ ನೋಡಿದರೂ ಅಂಕಿಯ ಪಕ್ಕ ಯಾವ ಅಳತೆ ಬರೆದಿದ್ದಾರೆ ಅಂತ ಒಮ್ಮೆ ನೋಡಿ. ಬರೀ ಮೈಲಿ ಅಂತ ಬರೆದಿದ್ದರೆ ಯಾವ ಮೈಲಿ ಅಂತ ಅನುಮಾನ ಪಡಿ.

ಈ ಜೋಡಿಯ ದೂರವನ್ನು ನೀವೇ ಲೆಕ್ಕ ಹಾಕಲು ಹೊರಟರೆ ಒಂದು ಕಡೆ ಎಡವುವ ಸಾಧ್ಯತೆ ಜಾಸ್ತಿ. ಹೊನೊಲುಲು ಇರುವುದು ಉತ್ತರ ಅಕ್ಷಾಂಶ 21.3 ಡಿಗ್ರಿ, ಪಶ್ಚಿಮ ರೇಖಾಂಶ 157.9 ಡಿಗ್ರಿಯಲ್ಲಿ. ಗುವಾಮ್ ಇರುವುದು ಉತ್ತರ 13.5, ಪೂರ್ವ 144.8ರಲ್ಲಿ. ಒಂದು ಪಶ್ಚಿಮ ರೇಖಾಂಶ, ಇನ್ನೊಂದು ಪೂರ್ವ ರೇಖಾಂಶ ಅಂತ ಎರಡನ್ನೂ ಕೂಡಿದರೆ 302.7 ಡಿಗ್ರಿ ಬರುತ್ತದೆ. ಅದು ಅಮೆರಿಕ, ಅಟ್ಲಾಂಟಿಕ್, ಆಫ್ರಿಕ, ಏಷ್ಯಾ ಎಲ್ಲವನ್ನೂ ದಾಟಿ ಭೂಮಿಯ ಆ ಕಡೆಯಿಂದ ಬರುವ ಲೆಕ್ಕ. ಅದನ್ನು 360ರಿಂದ ಕಳೆಯಬೇಕು, ಆಗ 57.3 ಡಿಗ್ರಿ ಉಳಿಯುತ್ತದೆ. ಇದು ರೇಖಾಂಶದ ಅಂತರ ಮಾತ್ರ, ಸಮಭಾಜಕದಿಂದ ದೂರ ಹೋದಂತೆ ರೇಖಾಂಶದ ಡಿಗ್ರಿ ಕಿರಿದಾಗುವುದರಿಂದ ಇದನ್ನೇ 60ರಿಂದ ಗುಣಿಸಬೇಡಿ. ಹೆಚ್ಚಿನ ಭೂಪಟಗಳು ಪೆಸಿಫಿಕ್ ಸಾಗರವನ್ನೇ ಸೀಳಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹಾಕುತ್ತವೆ. ಅದಕ್ಕೇ ಹವಾಯಿ ಒಂದು ತುದಿಯಲ್ಲಿ, ಗುವಾಮ್ ಇನ್ನೊಂದು ತುದಿಯಲ್ಲಿ ಕಾಣಿಸುತ್ತದೆ, ಎರಡರ ನಡುವೆ ಏನಿದೆ ಅನ್ನುವ ಅಂದಾಜೇ ಸಿಗುವುದಿಲ್ಲ. ಗೋಳದ ಮೇಲೆ ನೋಡಿ, ಇಲ್ಲವೇ ಪೆಸಿಫಿಕ್ ನಡುವೆ ಬರುವ ಭೂಪಟ ಹುಡುಕಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಗೋಳದ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿದರೆ ಅದೇ ಅತಿ ಹತ್ತಿರದ ದಾರಿ. ಇದನ್ನು ಮಹಾವೃತ್ತದ ದಾರಿ ಅನ್ನುತ್ತಾರೆ. ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಗುವಾಮ್ ಹೊನೊಲುಲುಗಿಂತ ಎಂಟು ಡಿಗ್ರಿಯಷ್ಟು ದಕ್ಷಿಣಕ್ಕಿದೆ. ಆದರೂ ಈ ದಾರಿ ಹೊನೊಲುಲುವಿನಿಂದ ಹೊರಡುವಾಗ ದಕ್ಷಿಣಕ್ಕೆ ವಾಲುವುದೇ ಇಲ್ಲ, ನೇರ ಪಶ್ಚಿಮಕ್ಕೆ, ಇನ್ನೂ ನಿಖರವಾಗಿ ಹೇಳಬೇಕೆಂದರೆ ಒಂದೆರಡು ಡಿಗ್ರಿ ಉತ್ತರಕ್ಕೇ ತಿರುಗಿ ಶುರುವಾಗುತ್ತದೆ. ಆಮೇಲೆ ನಿಧಾನವಾಗಿ ಕೆಳಗೆ ಬಾಗುತ್ತಾ ಬಂದು ಗುವಾಮ್ ಹತ್ತಿರ ಪಶ್ಚಿಮ-ನೈಋತ್ಯ ದಿಕ್ಕಿನಲ್ಲಿ ಮುಗಿಯುತ್ತದೆ. ವಿಮಾನದ ಸೀಟಿನ ಪರದೆಯಲ್ಲಿ ಬಾಗಿದ ಗೆರೆ ನೋಡಿ ಸುಮ್ನೆ ಸುತ್ತು ಹಾಕುತ್ತಿದ್ದಾರೆ ಅಂದುಕೊಳ್ಳಬೇಡಿ. ಹಾಗಂತ ಇದರಿಂದ ಉಳಿತಾಯ ಭಾರಿ ಇದೆಯಾ ಅಂದರೆ, ಈ ಜೋಡಿಗೆ ಇಲ್ಲ. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರ ಇರುವಾಗ ಭೂಪಟದ ನೇರ ಗೆರೆಗೂ ಮಹಾವೃತ್ತಕ್ಕೂ ಬರೀ 30 ಕಿ.ಮೀ. ಆಸುಪಾಸಿನ ವ್ಯತ್ಯಾಸ. ವಿಮಾನಕ್ಕೆ ಅದು ಎರಡು ನಿಮಿಷದ ಮಾತು. ಉತ್ತರದ ಊರುಗಳ ನಡುವೆ ಇದೇ ವ್ಯತ್ಯಾಸ ನೂರಾರು ಕಿಲೋಮೀಟರ್ ಆಗುತ್ತದೆ.

ಇನ್ನು ಸಮಯ. ಬೋಯಿಂಗ್ 777ರಂಥ ದೊಡ್ಡ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. 6,100ನ್ನು 900ರಿಂದ ಭಾಗಿಸಿದರೆ 6 ಗಂಟೆ 47 ನಿಮಿಷ. ಇದು ಗಾಳಿಯೇ ಇಲ್ಲದ, ರನ್‌ವೇಯೇ ಇಲ್ಲದ ಲೋಕದ ಉತ್ತರ. ಟಿಕೆಟ್‌ನಲ್ಲಿ ಬರೆಯುವ ಸಮಯ ಬೇರೆಯೇ. ಅದು ಬಾಗಿಲಿನಿಂದ ಬಾಗಿಲಿಗೆ. ಹೊನೊಲುಲುವಿನ ಗೇಟ್ ಬಿಟ್ಟು ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಗುವಾಮ್‌ನ ಗೇಟಿಗೆ ಬಂದು ನಿಲ್ಲುವವರೆಗೆ. ಅದರಲ್ಲಿ ನೆಲದ ಮೇಲೆ ಉರುಳುವುದು, ಸಾಲಿನಲ್ಲಿ ಕಾಯುವುದು, ನಿಧಾನವಾಗಿ ಮೇಲೇರುವುದು, ಇಳಿಯುವಾಗ ವೇಗ ತಗ್ಗಿಸುವುದು ಎಲ್ಲಾ ಸೇರಿರುತ್ತದೆ. ಇದಕ್ಕೆಲ್ಲ ಒಟ್ಟು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.

ದೂರ ಕಡಿಮೆ ಆದಷ್ಟೂ ಈ ಅರ್ಧ ಗಂಟೆಯೇ ದೊಡ್ಡದಾಗುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹವಾಯಿಯಲ್ಲೇ ಹೊನೊಲುಲುವಿನಿಂದ ಮಾವಿ ದ್ವೀಪದ ಕಹುಲುಯಿ ಬರೀ 160 ಕಿ.ಮೀ. ದೂರ. 900ರ ಲೆಕ್ಕ ಹಾಕಿದರೆ 11 ನಿಮಿಷ ಆಗಬೇಕು. ವೇಳಾಪಟ್ಟಿಯಲ್ಲಿ ಇರುವುದು 40 ನಿಮಿಷದಷ್ಟು. ವಿಮಾನ ಪೂರ್ತಿ ಎತ್ತರಕ್ಕೆ, ಪೂರ್ತಿ ವೇಗಕ್ಕೆ ಹೋಗುವ ಮೊದಲೇ ಇಳಿಯಲು ಶುರು ಮಾಡಬೇಕಾಗುತ್ತದೆ, ನೆಲದ ಮೇಲಿನ ಸಮಯವಂತೂ ಒಂದು ನಿಮಿಷವೂ ಕಡಿಮೆ ಆಗುವುದಿಲ್ಲ. ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಅನ್ನುವ ಎರಡು ದ್ವೀಪಗಳ ನಡುವೆ 2.7 ಕಿ.ಮೀ. ವಿಮಾನಯಾನ ಇದೆ. ಜಗತ್ತಿನ ಅತಿ ಚಿಕ್ಕ ನಿಯಮಿತ ಹಾರಾಟ ಅದು, ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಅಲ್ಲಿ ವೇಗ, ದೂರ, ಭಾಗಾಕಾರ ಯಾವುದಕ್ಕೂ ಅರ್ಥವೇ ಇಲ್ಲ. ಸಾವಿರ ಕಿಲೋಮೀಟರ್ ಒಳಗಿನ ದ್ವೀಪಗಳಿಗೆ ದೂರವನ್ನು ವೇಗದಿಂದ ಭಾಗಿಸಿ ಸಮಯ ಹೇಳುವ ಜಾಲತಾಣಗಳನ್ನು ನಂಬಬೇಡಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಗಾಳಿ. ನನಗೆ ಈ ಪ್ರಶ್ನೆಯಲ್ಲಿ ಅತಿ ಇಷ್ಟವಾದ ಭಾಗ ಇದೇ, ಯಾಕೆಂದರೆ ನೀವು ಓದಿದ್ದು ನಿಜ, ಅದರಿಂದ ತೆಗೆದ ಅರ್ಥ ಮಾತ್ರ ತಿರುವುಮುರುವಾಗಿದೆ.

ಹವಾಯಿಯಿಂದ ಗುವಾಮ್‌ವರೆಗೂ ಸಮುದ್ರದ ಮೇಲೆ ಬೀಸುವುದು ವಾಣಿಜ್ಯ ಮಾರುತ. ಈಶಾನ್ಯದಿಂದ, ಪೂರ್ವದಿಂದ ಪಶ್ಚಿಮಕ್ಕೆ, ವರ್ಷದ ಬಹುಪಾಲು ದಿನ. ಹಾಯಿ ಹಡಗಿನ ಕಾಲದಲ್ಲಿ ಈ ಸಾಗರವನ್ನು ಪಶ್ಚಿಮಕ್ಕೆ ದಾಟಿದವರು ಇದನ್ನೇ ನಂಬಿ ಹೊರಟಿದ್ದು. ಆದರೆ ಈ ಗಾಳಿ ತೆಳು. ಹವಾಯಿಯ ಹತ್ತಿರ ಇದರ ದಪ್ಪ ಸಾಮಾನ್ಯವಾಗಿ ಎರಡು ಮೂರು ಕಿಲೋಮೀಟರ್ ಅಷ್ಟೇ. ನಿಮ್ಮ ವಿಮಾನ ಹಾರುವುದು ಹತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ. ಅಲ್ಲಿನ ಕಥೆ ಪೂರ್ತಿ ಬೇರೆ. ಸಮಭಾಜಕದ ಹತ್ತಿರ ಬಿಸಿಯಾದ ಗಾಳಿ ಮೇಲೇಳುತ್ತದೆ, ಎತ್ತರದಲ್ಲಿ ಧ್ರುವದ ಕಡೆಗೆ ಹರಿಯುತ್ತದೆ, ಹರಿಯುತ್ತಾ ಭೂಮಿಯ ತಿರುಗಾಟದಿಂದ ಪೂರ್ವಕ್ಕೆ ವಾಲುತ್ತದೆ. ಹಾಗಾಗಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಗಾಳಿ. ಅದೇ ಗಾಳಿ ತಣ್ಣಗಾಗಿ ಕೆಳಗಿಳಿದು ಸಮಭಾಜಕದ ಕಡೆಗೆ ವಾಪಸ್ ಬರುವಾಗ ಪಶ್ಚಿಮಕ್ಕೆ ವಾಲುತ್ತದೆ. ಅದೇ ಕೆಳಗಿನ ವಾಣಿಜ್ಯ ಮಾರುತ. ಒಂದೇ ಚಕ್ರದ ಮೇಲಿನ ಅಂಚು ಒಂದು ಕಡೆ, ಕೆಳಗಿನ ಅಂಚು ಇನ್ನೊಂದು ಕಡೆ. ಚಳಿಗಾಲದಲ್ಲಿ ಮೇಲಿನ ಗಾಳಿ ಬಲವಾಗುತ್ತದೆ, ಜೆಟ್ ಸ್ಟ್ರೀಮ್ ಅನ್ನುವ, ಎತ್ತರದಲ್ಲಿ ಅತಿ ವೇಗವಾಗಿ ಹರಿಯುವ ಗಾಳಿಯ ಪಟ್ಟಿ ಹವಾಯಿಯ ಅಕ್ಷಾಂಶದ ಹತ್ತಿರಕ್ಕೆ ಇಳಿಯುತ್ತದೆ. ಗುವಾಮ್ ಹತ್ತಿರ 13 ಡಿಗ್ರಿಗೆ ಬರುವಷ್ಟರಲ್ಲಿ ಅದರ ಕಸುವು ಕಡಿಮೆ, ಬೇಸಿಗೆಯಲ್ಲಿ ಅಲ್ಲಿ ಕೆಲವೊಮ್ಮೆ ಎತ್ತರದಲ್ಲೂ ಪೂರ್ವದ ಗಾಳಿ ಸಿಗುವುದುಂಟು. ಅಂದರೆ ದಾರಿಯ ಹೊನೊಲುಲು ಕಡೆಯ ಅರ್ಧದಲ್ಲೇ ಗಾಳಿಯ ಆಟ ಜಾಸ್ತಿ.

ಲೆಕ್ಕ ಹಾಕೋಣ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 50 ಕಿ.ಮೀ. ಪಶ್ಚಿಮದ ಗಾಳಿ ಇದೆ ಅಂದುಕೊಳ್ಳಿ. ಹೋಗುವಾಗ ನೆಲದ ಲೆಕ್ಕದ ವೇಗ 850, ಬರುವಾಗ 950. ಹೋಗಲು 7 ಗಂಟೆ 11 ನಿಮಿಷ, ಬರಲು 6 ಗಂಟೆ 25 ನಿಮಿಷ. ಮುಕ್ಕಾಲು ಗಂಟೆ ವ್ಯತ್ಯಾಸ ಇಲ್ಲೇ ಬಂತು. ಚಳಿಗಾಲದ ಒಂದು ಜೋರು ದಿನ ಸರಾಸರಿ 100 ಕಿ.ಮೀ. ಇದ್ದರೆ ಹೋಗಲು 7 ಗಂಟೆ 38 ನಿಮಿಷ, ಬರಲು 6 ಗಂಟೆ 6 ನಿಮಿಷ. ಗಮನಿಸಿ, ಹೋಗುವಾಗ ಕಳೆದುಕೊಂಡಿದ್ದು ಬರುವಾಗ ಪೂರ್ತಿ ವಾಪಸ್ ಸಿಗುವುದಿಲ್ಲ. ಗಾಳಿ ಇಲ್ಲದೆ ಹೋಗಿಬರಲು 13 ಗಂಟೆ 34 ನಿಮಿಷ, 100ರ ಗಾಳಿಯಲ್ಲಿ 13 ಗಂಟೆ 44 ನಿಮಿಷ. ಹರಿಯುವ ಹೊಳೆಯಲ್ಲಿ ದೋಣಿ ಹುಟ್ಟು ಹಾಕಿದವರಿಗೆ ಇದು ಗೊತ್ತು: ಎದುರು ಹರಿವಿನಲ್ಲಿ ಜಾಸ್ತಿ ಹೊತ್ತು ಒದ್ದಾಡುತ್ತೀರಿ, ಜೊತೆ ಹರಿವಿನ ಲಾಭ ಬೇಗ ಮುಗಿದುಹೋಗುತ್ತದೆ.

ಇದೆಲ್ಲ ಮೇಲಿನ ಗಾಳಿಯ ಕೆಲಸ ಆಯಿತು. ಹಾಗಾದರೆ ನೀವು ಓದಿದ ಆ ಪೂರ್ವದ ಗಾಳಿ ವಿಮಾನಕ್ಕೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಆದರೆ ಪಶ್ಚಿಮಕ್ಕೆ ಹೋಗುವವರಿಗೆ ಸಹಾಯ ಮಾಡುವುದಿಲ್ಲ, ತಡ ಮಾಡುತ್ತದೆ! ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹೊನೊಲುಲುವಿನ ಮುಖ್ಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ಗಾಳಿ ಪೂರ್ವದಿಂದ ಬರುವುದರಿಂದ ಸಾಮಾನ್ಯ ದಿನಗಳಲ್ಲಿ ಪೂರ್ವಕ್ಕೆ ಮುಖ ಮಾಡಿಯೇ ಏರಬೇಕು. ದೊಡ್ಡ ವಿಮಾನಗಳು ಹೆಚ್ಚಾಗಿ ಬಳಸುವುದು ಹವಳದ ದಿಬ್ಬದ ಮೇಲೆ ಕಟ್ಟಿ 1977ರಲ್ಲಿ ತೆರೆದ 12,000 ಅಡಿಯ ರನ್‌ವೇಯನ್ನು. ಪೂರ್ವಕ್ಕೆ ಏರಿದ ವಿಮಾನ ಸಮುದ್ರದ ಮೇಲೆ ಬಲಕ್ಕೆ ಹೊರಳಿ, ಪೂರ್ತಿ ಅರ್ಧ ಸುತ್ತು ಹಾಕಿ, ಆಮೇಲೆ ಗುವಾಮ್ ಕಡೆ ಮುಖ ಮಾಡಬೇಕು. ಏಳು ಗಂಟೆ ಆದ ಮೇಲೆ ಗುವಾಮ್ ಬಂತು. ಅಲ್ಲೂ ರನ್‌ವೇಗಳು ಈಶಾನ್ಯ-ಪೂರ್ವಕ್ಕೆ, ಅಲ್ಲೂ ಗಾಳಿ ಅದೇ ದಿಕ್ಕಿನಿಂದ. ಪೂರ್ವದಿಂದ ಬಂದ ವಿಮಾನ ದ್ವೀಪವನ್ನು ದಾಟಿ ಪಶ್ಚಿಮಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕು. ಎರಡೂ ತುದಿಯಲ್ಲಿ ಐದೈದು ನಿಮಿಷ ಹೋಯಿತು ಅಂತಿಟ್ಟುಕೊಳ್ಳಿ.

ವಾಪಸ್ ಬರುವಾಗ ನೋಡಿ. ಗುವಾಮ್‌ನಲ್ಲಿ ಪೂರ್ವಕ್ಕೆ ಏರಿದರೆ ಮುಖ ಆಗಲೇ ಹವಾಯಿ ಕಡೆಗಿದೆ, ಹಾಗೇ ಹೋಗುತ್ತಿದ್ದರಾಯಿತು. ಹೊನೊಲುಲುವಿಗೆ ಪಶ್ಚಿಮದಿಂದ ಬಂದವರಿಗೆ ರನ್‌ವೇ ಎದುರಿಗೇ ಸಿಗುತ್ತದೆ, ಬಹಳ ಸುತ್ತದೆ ಇಳಿಯಬಹುದು. ಮೇಲೆ ಬೆನ್ನಿಗೆ ಗಾಳಿ, ಕೆಳಗೆ ಎದುರಿಗೆ ಗಾಳಿ. ಒಂದು ವಿಮಾನಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದಿಲ್ಲ. ಇದನ್ನೆಲ್ಲ ಮುಕ್ಕಾಲು ಗಂಟೆಗೆ ಸೇರಿಸಿದರೆ ನಿಮ್ಮ ಟಿಕೆಟ್‌ನಲ್ಲಿ ಕಂಡ ಒಂದು ಗಂಟೆಯ ಅಂತರ ಬಂದೇ ಬಿಟ್ಟಿತು. ವಿಮಾನ ಸಂಸ್ಥೆಗಳು ಆ ಋತುವಿನ ಗಾಳಿ ನೋಡಿಕೊಂಡು ವೇಳಾಪಟ್ಟಿ ಮಾಡುತ್ತವೆ, ಅದರ ಮೇಲೆ ಸ್ವಲ್ಪ ಹೆಚ್ಚಿಗೆಯೂ ಇಡುತ್ತವೆ. ಹಾಗಾಗಿ ಇಪ್ಪತ್ತು ನಿಮಿಷ ಮೊದಲೇ ತಲುಪಿದರೆ ಪೈಲಟ್ ಜೋರಾಗಿ ಓಡಿಸಿದರು ಅಂತಲ್ಲ.

ಇನ್ನೊಂದು ಮಾತು. ಹಾರಾಟದ ಯೋಜನೆ ಮಾಡುವವರು ಪ್ರತಿದಿನ ಮಹಾವೃತ್ತದ ಗೆರೆಯನ್ನೇ ಹಿಡಿಯುವುದಿಲ್ಲ. ಅವರಿಗೆ ಬೇಕಿರುವುದು ಕಡಿಮೆ ಸಮಯ, ಕಡಿಮೆ ಇಂಧನ. ಉತ್ತರದಲ್ಲಿ ಎದುರು ಗಾಳಿ ಜೋರಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನವನ್ನು ನೂರಿನ್ನೂರು ಕಿಲೋಮೀಟರ್ ದಕ್ಷಿಣಕ್ಕೆ ಸರಿಸುತ್ತಾರೆ. ಬರುವಾಗ ಅದೇ ಗಾಳಿಯನ್ನು ಹಿಡಿಯಲು ಉತ್ತರಕ್ಕೆ ಸರಿಸುತ್ತಾರೆ. ದೂರ ಸ್ವಲ್ಪ ಜಾಸ್ತಿ ಆದರೂ ಬೇಗ ತಲುಪುತ್ತದೆ. ಅದಕ್ಕೇ ಹೋದ ದಾರಿಯಲ್ಲೇ ವಾಪಸ್ ಬರುವುದು ಅಪರೂಪ.

ಈ ದಾರಿಯ ಮೇಲೆ ನಿಜವಾಗಿ ಏನಿದೆ ಅಂತ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಬಹುತೇಕ ನೀರು. ಆದರೆ ಮಹಾವೃತ್ತದ ಗೆರೆಯಿಂದ ಸುಮಾರು 70 ಕಿ.ಮೀ. ಉತ್ತರಕ್ಕೆ ವೇಕ್ ಅನ್ನುವ ಪುಟ್ಟ ಹವಳದ ದ್ವೀಪ ಇದೆ. 1935ರಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ಚೈನಾ ಕ್ಲಿಪ್ಪರ್ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನ ನವೆಂಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 29ರಂದು ಮನಿಲಾ ತಲುಪಿತು. ಅದು ಹೊನೊಲುಲುವಿನಿಂದ ಗುವಾಮ್‌ಗೆ ಹೋಗಿದ್ದು ಮಿಡ್‌ವೇ, ವೇಕ್ ಎರಡೂ ದ್ವೀಪಗಳಲ್ಲಿ ಇಳಿದು. ಹೊನೊಲುಲು-ಮಿಡ್‌ವೇ ಸುಮಾರು 2,100 ಕಿ.ಮೀ., ಮಿಡ್‌ವೇ-ವೇಕ್ 1,900, ವೇಕ್-ಗುವಾಮ್ 2,400. ಒಟ್ಟು 6,400. ನೇರ ದಾರಿಗಿಂತ ಬರೀ 300 ಕಿ.ಮೀ. ಜಾಸ್ತಿ, ಆದರೆ ಒಂದೊಂದು ತುಂಡಿಗೆ ಒಂದೊಂದು ದಿನ, ರಾತ್ರಿ ದ್ವೀಪದಲ್ಲಿ ತಂಗುವುದು. ಆ ವಿಮಾನದ ವೇಗ ಗಂಟೆಗೆ ಇನ್ನೂರು ಕಿ.ಮೀ. ಆಸುಪಾಸು, ಇಂಧನ ತುಂಬಿಸಲು ಅಲ್ಲಲ್ಲಿ ದ್ವೀಪ ಬೇಕೇ ಬೇಕಿತ್ತು. ಇವತ್ತಿಗೂ ವೇಕ್‌ನಲ್ಲಿ ಉದ್ದದ ರನ್‌ವೇ ಇದೆ, ಅಮೆರಿಕದ ವಾಯುಪಡೆ ನೋಡಿಕೊಳ್ಳುತ್ತದೆ. ನಿಮ್ಮ ವಿಮಾನಕ್ಕೆ ಅದು ಇಳಿಯುವ ಜಾಗವಲ್ಲ, ತೊಂದರೆಯಾದರೆ ಇಳಿಯಬಹುದಾದ ಜಾಗ.

ಅದು ಯಾಕೆ ಮುಖ್ಯ ಅಂದರೆ, ಎರಡೇ ಎಂಜಿನ್ ಇರುವ ವಿಮಾನಕ್ಕೆ ಇಟಾಪ್ಸ್ ಅನ್ನುವ ನಿಯಮ ಇದೆ. ಒಂದು ಎಂಜಿನ್ ನಿಂತರೆ ಉಳಿದ ಒಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ವಿಮಾನ ನಿಲ್ದಾಣ ಸಿಗಬೇಕು. ಮೊದಲು ಇದು 60 ನಿಮಿಷ ಇತ್ತು. 1985ರಲ್ಲಿ 120ಕ್ಕೆ, 1988ರಲ್ಲಿ 180 ನಿಮಿಷಕ್ಕೆ ಅನುಮತಿ ಬಂತು. 60 ನಿಮಿಷದ ಕಾಲದಲ್ಲಿ ಎರಡು ಎಂಜಿನ್ ವಿಮಾನ ಈ ಸಾಗರವನ್ನು ನೇರವಾಗಿ ದಾಟುವಂತೆಯೇ ಇರಲಿಲ್ಲ. ಈಗ ವೇಕ್, ಮಿಡ್‌ವೇ, ಮಾರ್ಷಲ್ ದ್ವೀಪಗಳ ರನ್‌ವೇಗಳನ್ನು ಲೆಕ್ಕಕ್ಕೆ ಹಿಡಿದರೆ ನೇರ ದಾರಿ ಸಲೀಸು. ಆದರೆ ಅವುಗಳಲ್ಲಿ ಒಂದರ ಹವೆ ಕೆಟ್ಟರೆ ಯೋಜನೆ ಮಾಡುವವರು ಗೆರೆಯನ್ನು ಸರಿಸಬೇಕಾಗಬಹುದು, ಆಗ ನಿಮ್ಮ ಸಮಯವೂ ಸ್ವಲ್ಪ ಬದಲಾಗುತ್ತದೆ. ಇಂಧನದಲ್ಲೂ ಹಾಗೇ. ಸುತ್ತ ಬೇರೆ ನಿಲ್ದಾಣವೇ ಇಲ್ಲದ ಒಂಟಿ ದ್ವೀಪಕ್ಕೆ ಹೋಗುವ ವಿಮಾನ, ಅಲ್ಲಿ ತಲುಪಿದ ಮೇಲೂ ಎರಡು ಗಂಟೆ ಹಾರುವಷ್ಟು ಇಂಧನ ಹೊತ್ತೊಯ್ಯಬೇಕು. ಗುವಾಮ್ ಅಷ್ಟು ಒಂಟಿಯಲ್ಲ. ಅದೇ ದ್ವೀಪದಲ್ಲಿ ಆಂಡರ್ಸನ್ ವಾಯುನೆಲೆ ಇದೆ, 90 ಕಿ.ಮೀ. ದೂರದಲ್ಲಿ ರೋಟಾ, 200 ಕಿ.ಮೀ. ದೂರದಲ್ಲಿ ಸೈಪಾನ್.

ಮಂಗಳವಾರ ಹೊರಟು ಸೋಮವಾರ ತಲುಪುವುದು ಸರಿಯೇ. ಹೊನೊಲುಲುವಿನ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯಕ್ಕಿಂತ 10 ಗಂಟೆ ಹಿಂದೆ, ಗುವಾಮ್‌ನದು 10 ಗಂಟೆ ಮುಂದೆ. ಒಟ್ಟು 20 ಗಂಟೆ ಅಂತರ. ಎರಡೂ ಕಡೆ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ವರ್ಷವಿಡೀ ಇದೇ 20. ಉದಾಹರಣೆಗೆ ಸೋಮವಾರ ಮಧ್ಯಾಹ್ನ 2ಕ್ಕೆ ಹೊನೊಲುಲು ಬಿಟ್ಟಿರಿ. ಆ ಕ್ಷಣ ಗುವಾಮ್‌ನಲ್ಲಿ ಮಂಗಳವಾರ ಬೆಳಿಗ್ಗೆ 10. ಎಂಟು ಗಂಟೆ ಸೇರಿಸಿ, ಮಂಗಳವಾರ ಸಂಜೆ 6ಕ್ಕೆ ಇಳಿಯುತ್ತೀರಿ. ವಾಪಸ್ ಮಂಗಳವಾರ ಬೆಳಿಗ್ಗೆ 7ಕ್ಕೆ ಗುವಾಮ್ ಬಿಟ್ಟರೆ ಆಗ ಹೊನೊಲುಲುವಿನಲ್ಲಿ ಇನ್ನೂ ಸೋಮವಾರ ಬೆಳಿಗ್ಗೆ 11. ಏಳು ಗಂಟೆ ಹತ್ತು ನಿಮಿಷ ಸೇರಿಸಿದರೆ ಸೋಮವಾರ ಸಂಜೆ 6:10. ತಲುಪಿದ ಹೊತ್ತಿನಿಂದ ಹೊರಟ ಹೊತ್ತನ್ನು ಕಳೆದು ಪ್ರಯಾಣದ ಸಮಯ ಹುಡುಕಲು ಹೋಗಬೇಡಿ, ದಿನಾಂಕ ಬದಲಾಗುವ ದಿನರೇಖೆ ದಾಟುವಾಗ ಅದು ಹುಚ್ಚು ಉತ್ತರ ಕೊಡುತ್ತದೆ. ಮೊದಲು ಎರಡನ್ನೂ ಒಂದೇ ಊರಿನ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಈಗ ಆ ಹದಿನೈದು ಗಂಟೆಯ ವಿಮಾನ. ಅದಕ್ಕೆ ಜನ ಐಲ್ಯಾಂಡ್ ಹಾಪರ್ ಅನ್ನುತ್ತಾರೆ. 1968ರಲ್ಲಿ ಏರ್ ಮೈಕ್ರೋನೇಷಿಯಾ ಈ ಭಾಗದ ದ್ವೀಪಗಳಿಗೆ ಹಾರಾಟ ಶುರು ಮಾಡಿತು, ಈಗ ಇದನ್ನು ಯುನೈಟೆಡ್ ನಡೆಸುತ್ತದೆ, ಬೋಯಿಂಗ್ 737ರಲ್ಲಿ. ಹೊನೊಲುಲು ಬಿಟ್ಟರೆ ಮಜುರೊ, ಕ್ವಾಜಲೀನ್, ಕೊಸ್ರೇ, ಪೋನ್‌ಪೇ, ಚೂಕ್, ಆಮೇಲೆ ಗುವಾಮ್. ಎಲ್ಲ ದಿನವೂ ಕೊಸ್ರೇಯಲ್ಲಿ ಇಳಿಯುವುದಿಲ್ಲ. ದಾರಿ ಅಷ್ಟೊಂದು ಸುತ್ತಾ ಅಂತ ಕೇಳಿದಿರಿ. ಇಲ್ಲ! ನಾನು ತುಂಡು ತುಂಡಾಗಿ ಕೂಡಿ ನೋಡಿದೆ. ಹೊನೊಲುಲು-ಮಜುರೊ 3,660 ಕಿ.ಮೀ., ಮಜುರೊ-ಕ್ವಾಜಲೀನ್ 430, ಅಲ್ಲಿಂದ ಕೊಸ್ರೇ 650, ಕೊಸ್ರೇ-ಪೋನ್‌ಪೇ 550, ಪೋನ್‌ಪೇ-ಚೂಕ್ 700, ಚೂಕ್-ಗುವಾಮ್ 1,020. ಒಟ್ಟು ಏಳು ಸಾವಿರದ ಆಸುಪಾಸು. ನೇರ ದಾರಿಗಿಂತ 900 ಕಿ.ಮೀ., ಅಂದರೆ ನೂರಕ್ಕೆ ಹದಿನೈದು ಪಾಲು ಜಾಸ್ತಿ ಅಷ್ಟೇ. ಸಮಯ ಮಾತ್ರ ಎರಡರಷ್ಟು.

ಯಾಕೆಂದರೆ 737ರ ವೇಗ ಸ್ವಲ್ಪ ಕಡಿಮೆ, ಗಂಟೆಗೆ 830 ಅಂದುಕೊಂಡರೂ ಏಳು ಸಾವಿರಕ್ಕೆ ಎಂಟೂವರೆ ಗಂಟೆ ಸಾಕು. ಉಳಿದ ಆರೂವರೆ ಗಂಟೆ ಎಲ್ಲಿ ಹೋಯಿತು? ಐದು ಕಡೆ ನಿಲ್ಲುತ್ತದೆ, ಒಂದೊಂದು ಕಡೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಜನ ಇಳಿಯಬೇಕು, ಹತ್ತಬೇಕು, ಸಾಮಾನು ಇಳಿಸಬೇಕು, ಕೆಲವು ಕಡೆ ಇಂಧನ. ಅಲ್ಲಿಗೆ ನಾಲ್ಕು ಗಂಟೆಗೂ ಜಾಸ್ತಿ. ಜೊತೆಗೆ ಒಂದರ ಬದಲು ಆರು ಸಲ ಏರಬೇಕು, ಆರು ಸಲ ಇಳಿಯಬೇಕು. ಮಾವಿ ದ್ವೀಪದ 160 ಕಿ.ಮೀ. ಲೆಕ್ಕ ನೆನಪಿದೆ ತಾನೆ, ಅದೇ ಇಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಮೊದಲ ತುಂಡು ಬಿಟ್ಟರೆ ಉಳಿದವು ಎಲ್ಲಾ ಚಿಕ್ಕವು, ಮಜುರೊದಿಂದ ಮುಂದಕ್ಕೆ ವಿಮಾನ ಎತ್ತರದಲ್ಲಿ ನೆಮ್ಮದಿಯಾಗಿ ಹಾರುವ ಹೊತ್ತು ಕಡಿಮೆಯೇ.

ಗಡಿಯಾರವೂ ಇಲ್ಲಿ ಚೆನ್ನಾಗಿ ಆಟ ಆಡಿಸುತ್ತದೆ. ಸೋಮವಾರ ಬೆಳಿಗ್ಗೆ 7ಕ್ಕೆ ಹೊನೊಲುಲು ಬಿಟ್ಟರೆ ಐದು ಗಂಟೆ ಆದ ಮೇಲೆ ಮಜುರೊದಲ್ಲಿ ಮಂಗಳವಾರ ಬೆಳಿಗ್ಗೆ 10. ಅಲ್ಲಿಂದ ಕೊಸ್ರೇಗೆ ಬಂದಾಗ ಒಂದು ಗಂಟೆ ಹಿಂದಕ್ಕೆ, ಚೂಕ್‌ನಲ್ಲಿ ಇನ್ನೊಂದು ಗಂಟೆ ಹಿಂದಕ್ಕೆ. ಕ್ವಾಜಲೀನ್ ಮಾರ್ಷಲ್ ದ್ವೀಪಗಳದ್ದೇ ಆದರೂ ಅಲ್ಲಿ ಅಮೆರಿಕದ ಸೇನಾ ನೆಲೆ ಇರುವುದರಿಂದ 1993ರ ಆಗಸ್ಟ್‌ವರೆಗೆ ದಿನರೇಖೆಯ ಹವಾಯಿ ಕಡೆಯ ದಿನಾಂಕವನ್ನೇ ಇಟ್ಟುಕೊಂಡಿತ್ತು. ಆ ವರ್ಷ ಆಗಸ್ಟ್ 21ರ ಶನಿವಾರವನ್ನು ಬಿಟ್ಟು ನೆಗೆದು ಉಳಿದ ಮಾರ್ಷಲ್ ದ್ವೀಪಗಳ ಜೊತೆ ಸೇರಿಕೊಂಡಿತು. ಅಲ್ಲಿ ಅನುಮತಿ ಇಲ್ಲದವರು ವಿಮಾನದಿಂದ ಇಳಿಯುವಂತಿಲ್ಲ, ಸೀಟಿನಲ್ಲೇ ಕೂತಿರಬೇಕು. ಈ ವಿಮಾನದಲ್ಲಿ ಒಬ್ಬ ಮೆಕ್ಯಾನಿಕ್ ಬಿಡಿಭಾಗಗಳ ಸಮೇತ ಜೊತೆಗೇ ಬರುತ್ತಾರೆ, ಯಾಕೆಂದರೆ ನಡುವಿನ ಪುಟ್ಟ ದ್ವೀಪದಲ್ಲಿ ಏನಾದರೂ ಕೆಟ್ಟರೆ ರಿಪೇರಿಗೆ ಬೇರೆ ಯಾರೂ ಸಿಗುವುದಿಲ್ಲ.

ಹೋಗಬೇಕಾ ಬೇಡವಾ ಅಂದರೆ, ನಾನು ಹೇಳುವುದು ಇಷ್ಟು. ಗುವಾಮ್‌ನಲ್ಲಿ ಕೆಲಸ ಇದೆ, ಇಂಥ ದಿನ ಇಂಥ ಹೊತ್ತಿಗೆ ಇರಲೇಬೇಕು ಅನ್ನುವುದಾದರೆ ನೇರ ವಿಮಾನ, ಎರಡನೇ ಯೋಚನೆಯೇ ಬೇಡ. ಹಾಪರ್ ವಾರಕ್ಕೆ ಕೆಲವೇ ದಿನ ಇರುತ್ತದೆ, ಒಂದು ದ್ವೀಪದಲ್ಲಿ ತಡವಾದರೆ ಮುಂದಿನ ಎಲ್ಲದಕ್ಕೂ ತಡ. ಸಮಯ ಇದೆ, ಹವಳದ ದ್ವೀಪಗಳನ್ನು ಮೇಲಿನಿಂದ ನೋಡುವ ಆಸೆ ಇದೆ ಅಂದರೆ ಅದಕ್ಕಿಂತ ಒಳ್ಳೆಯ ವಿಮಾನಯಾನ ನನಗಂತೂ ಗೊತ್ತಿಲ್ಲ. ಸಾಗರದ ನಡುವೆ ಉಂಗುರದ ಹಾಗೆ ಬಿದ್ದಿರುವ ಮಜುರೊದ ಪಟ್ಟಿಯಂಥ ನೆಲದ ಮೇಲೆ, ಎರಡೂ ಕಡೆ ನೀರು ಕಾಣುತ್ತಾ ಇಳಿಯುವುದು ಬೇರೆ ಕಡೆ ಸಿಗುವುದಿಲ್ಲ. ಪಶ್ಚಿಮಕ್ಕೆ ಹೋಗುವಾಗ ಹಾಪರ್, ವಾಪಸ್ ನೇರ ವಿಮಾನ ಅಂತ ಮಾಡಿದರೆ ಬೆಳಿಗ್ಗೆ ಹೊರಟಿದ್ದರಿಂದ ದ್ವೀಪಗಳೆಲ್ಲ ಹಗಲಲ್ಲೇ ಸಿಗುತ್ತವೆ. ಮಾರ್ಷಲ್ ದ್ವೀಪಗಳೂ ಮೈಕ್ರೋನೇಷಿಯಾವೂ ಬೇರೆ ದೇಶಗಳು, ನಡುವೆ ಇಳಿದು ಉಳಿಯುವ ಯೋಚನೆ ಇದ್ದರೆ ಅವುಗಳ ಪ್ರವೇಶದ ನಿಯಮ ಮೊದಲೇ ನೋಡಿಕೊಳ್ಳಿ.

ಗುವಾಮ್‌ನಿಂದ ಮುಂದಕ್ಕೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಅದೇ ಸಂಜೆಗೆ ಇಟ್ಟುಕೊಳ್ಳಬೇಡಿ. ಚಳಿಗಾಲದ ಎದುರು ಗಾಳಿ ಒಂದು ದಿನ ಜೋರಾದರೆ ಅರ್ಧ ಗಂಟೆ ಹೋಗಿಬಿಡುತ್ತದೆ, ದ್ವೀಪಗಳಲ್ಲಿ ಒಂದು ವಿಮಾನ ತಪ್ಪಿದರೆ ಮುಂದಿನದು ನಾಳೆಯೋ ನಾಡಿದ್ದೋ. ಟೈಫೂನ್ ಆ ಕಡೆ ಯಾವ ತಿಂಗಳಲ್ಲೂ ಬರಬಹುದು. 2023ರ ಮೇನಲ್ಲಿ ಮಾವಾರ್ ಬಂದಾಗ ಗುವಾಮ್ ನಿಲ್ದಾಣ ಹಲವು ದಿನ ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತ್ತು. ಒಂದು ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಹೊನೊಲುಲುವಿನ ಹೋಟೆಲ್ ಕಾದಿರಿಸುವಾಗ ಮಾತ್ರ ದಿನಾಂಕ ಎರಡು ಸಲ ನೋಡಿ. ಮಂಗಳವಾರ ಬೆಳಿಗ್ಗೆ ಗುವಾಮ್ ಬಿಡುವ ನಿಮಗೆ ಬೇಕಿರುವುದು ಸೋಮವಾರ ರಾತ್ರಿಯ ಕೋಣೆ.